ಕ್ಲೋರಿನ್ 3 ತೋರಿಸ್ತದೆ, ಆದರೂ ಈಜುಕೊಳ ಹಸಿರು. ತಪ್ಪು ಎಲ್ಲಿ?

ಪರ್ಕಳ_ಗುಡ್ಡೆ

ಮನೆಯ ಈಜುಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ. ಆಳ ಒಂದು ಬದಿ 1.1, ಇನ್ನೊಂದು ಬದಿ 1.7. ಅಂದಾಜು 45,000 ಲೀಟರ್. ಸಿಮೆಂಟಿನ ಕೊಳ, ಒಳಗೆ ಟೈಲ್ಸ್. ಸ್ಯಾಂಡ್ ಫಿಲ್ಟರ್, 1 ಎಚ್‌ಪಿ ಪಂಪು, ದಿನಕ್ಕೆ 6 ಗಂಟೆ ಓಡ್ತದೆ. ನೀರು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಬಾವಿಯದ್ದು, ಬೇಸಗೆಯಲ್ಲಿ ಕಡಿಮೆ ಬಿದ್ದರೆ ಬೋರ್‌ವೆಲ್‌ನಿಂದ ಸ್ವಲ್ಪ ಸೇರಿಸುವುದುಂಟು.

ಡಿಸೆಂಬರಿನಿಂದ ಟಿಸಿಸಿಎ ಅಂತ ಬರುವ ಕ್ಲೋರಿನ್ ಮಾತ್ರೆ, 200 ಗ್ರಾಮಿನದ್ದು, ವಾರಕ್ಕೆ 4. ಈಗ ಮೇ ಮೊದಲ ವಾರ. ನೀರು 15 ದಿನದಿಂದ ಮಬ್ಬು ಹಸಿರು, ಆಳದ ಬದಿಯಲ್ಲಿ ತಳ ಕಾಣುವುದಿಲ್ಲ. ಕಿಟ್‌ನಲ್ಲಿ ಫ್ರೀ (ಇನ್ನೂ ಖರ್ಚಾಗದ) ಕ್ಲೋರಿನ್ 3, ಒಟ್ಟು ಕ್ಲೋರಿನ್ 4.5. ಪಿಎಚ್ ಡಿಜಿಟಲ್ ಪೆನ್‌ನಲ್ಲಿ 6.6. ಆಲ್ಕಲಿನಿಟಿ (ಪಿಎಚ್ ಹಿಡಿದು ನಿಲ್ಲಿಸುವ ಶಕ್ತಿ) 30. ಸಯನ್ಯೂರಿಕ್ ಆ್ಯಸಿಡ್ ಅಳೆಯುವ ಟ್ಯೂಬಿನ ಅಡಿಯ ಗೆರೆ 100, ನೀರು ಅಲ್ಲಿಗೆ ಏರುವ ಮೊದಲೇ ತಳದ ಚುಕ್ಕಿ ಮಾಯ, ಅಂದ್ರೆ 100ಕ್ಕಿಂತ ಜಾಸ್ತಿ.

ಆಲಂ ಎರಡು ಸಲ ಹಾಕಿದ್ದಾಗಿದೆ, ಸಲಕ್ಕೆ 1.5 ಕೆಜಿ. ತಳಕ್ಕೆ ಕೂರಲೇ ಇಲ್ಲ. ಕ್ಲೀನಿಂಗಿಗೆ ಬರುವವರು ತೋಟದ ಮೈಲುತುತ್ತ 250 ಗ್ರಾಂ ಹಾಕಿದ್ದಾರೆ, ಅದರಿಂದಲೂ ಹಸಿರು ಹೋಗಲಿಲ್ಲ. ಮೆಟ್ಟಿಲ ಮೇಲೆ ಕಂದು ಕಲೆ ಉಂಟು. ಟೈಲ್ಸ್ ಸಂದಿಗೆ ಉಗುರು ಹಾಕಿದರೆ ಮರಳಿನ ಹಾಗೆ ಉದುರ್ತದೆ. ಕ್ಲೋರಿನ್ ಇನ್ನೂ ಜಾಸ್ತಿ ಹಾಕಬೇಕಾ, ಕಡಿಮೆ ಮಾಡಬೇಕಾ?

ಪಂಪ್‌ಶೆಡ್

ಎರಡೂ ಅಲ್ಲ. ಮೊದಲು ಮಾತ್ರೆ ನಿಲ್ಲಿಸಿ. ಆಲಂ ಕೂಡ.

ಟಿಸಿಸಿಎಯಲ್ಲಿ ಕ್ಲೋರಿನ್ ಒಂಟಿಯಾಗಿ ಬರುವುದಿಲ್ಲ, ತೂಕದ ಅರ್ಧಕ್ಕಿಂತ ಹೆಚ್ಚು ಸಯನ್ಯೂರಿಕ್ ಆ್ಯಸಿಡ್. ವಾರಕ್ಕೆ 800 ಗ್ರಾಂ ಅಂದ್ರೆ 440 ಗ್ರಾಮಿನಷ್ಟು ಸಯನ್ಯೂರಿಕ್. ನಿಮ್ಮ ಕೊಳದಲ್ಲಿ ಅದು ವಾರಕ್ಕೆ ಸುಮಾರು 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ). ಬಿಸಿಲಿಗೆ ಕ್ಲೋರಿನ್ ಒಡೆದು ಹೋದರೂ ಇದು ಹೋಗುವುದಿಲ್ಲ. ಫಿಲ್ಟರ್ ತೊಳೆಯುವ ಬ್ಯಾಕ್‌ವಾಷ್‌ನಲ್ಲಿ ಚೆಲ್ಲಿದಷ್ಟು ಮಾತ್ರ ಕಡಿಮೆ. 20 ವಾರದ ಲೆಕ್ಕ ನೀವೇ ಹಾಕಿ.

ಸಯನ್ಯೂರಿಕ್ 30ರಿಂದ 50ರ ಒಳಗೆ ಇದ್ದರೆ ಅದು ಕ್ಲೋರಿನ್‌ಗೆ ಕೊಡೆ. 150 ದಾಟಿದರೆ ಸರಪಳಿ. ಕಿಟ್‌ನಲ್ಲಿ ಕಾಣುವ 3 ಪಿಪಿಎಂನ ಹೆಚ್ಚಿನ ಪಾಲು ಸಯನ್ಯೂರಿಕ್‌ಗೆ ಅಂಟಿಕೊಂಡು ಕೂತಿರ್ತದೆ, ಪಾಚಿ ಕೊಲ್ಲಲಿಕ್ಕೆ ಬಿಡುವಾಗಿ ಇರುವುದು ಬಹಳ ಕಡಿಮೆ. ಅಂದಾಜಿಗೆ, ಫ್ರೀ ಕ್ಲೋರಿನ್ ಯಾವಾಗಲೂ ಸಯನ್ಯೂರಿಕ್‌ನ ಶೇ. 7.5ಕ್ಕಿಂತ ಕೆಳಗೆ ಇಳಿಯಬಾರದು. ಹಸಿರು ನೀರು ತಿಳಿ ಮಾಡಲಿಕ್ಕೆ ಶೇ. 40 ಬೇಕು. ಸಯನ್ಯೂರಿಕ್ 40 ಇದ್ದರೆ 3 ಮತ್ತು 16. 180 ಇದ್ದರೆ 13.5 ಮತ್ತು 72! ಆ 72 ಹಾಕುವ ದುಡ್ಡಿಗೆ ನೀರು ಬದಲಾಯಿಸುವುದು ವಾಸಿ.

100 ಮೀರಿದ್ದನ್ನು ಹೀಗೆ ಅಳೆಯಿರಿ. ಕೊಳದ ನೀರು ಒಂದು ಪಾಲು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಪಾಲು. ಆ ಮಿಶ್ರಣಕ್ಕೆ ರೀಏಜೆಂಟ್ ಹಾಕಿ 2 ನಿಮಿಷ ಬಿಟ್ಟು, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಟ್ಯೂಬನ್ನು ಸೊಂಟದ ಮಟ್ಟದಲ್ಲಿ ಹಿಡಿದು ನಿಧಾನ ಸುರಿಯಿರಿ. ಚುಕ್ಕಿಯನ್ನೇ ದಿಟ್ಟಿಸಬೇಡಿ, ದಿಟ್ಟಿಸಿದರೆ ಇಲ್ಲದ ಚುಕ್ಕಿಯೂ ಕಾಣ್ತದೆ. ಬಂದ ಅಂಕಿಯನ್ನು ಎರಡರಿಂದ ಗುಣಿಸಿ. ಪಿಎಚ್ ಪೆನ್ನನ್ನೂ 7.00 ಮತ್ತು 4.01 ಬಫರಿನಲ್ಲಿ ಒಮ್ಮೆ ಸರಿ ಮಾಡಿ.

ಆಲ್ಕಲಿನಿಟಿ 30 ಅಂತ ಸಮಾಧಾನ ಪಡಬೇಡಿ. ಸಯನ್ಯೂರಿಕ್ ಕೂಡ ಆಲ್ಕಲಿನಿಟಿ ಟೆಸ್ಟಿನಲ್ಲಿ ಲೆಕ್ಕಕ್ಕೆ ಸೇರ್ತದೆ. ಪಿಎಚ್ 6.6ರಲ್ಲಿ 180 ಪಿಪಿಎಂ ಸಯನ್ಯೂರಿಕ್ ಇದ್ದರೆ ಅದರದ್ದೇ ಸುಮಾರು 24. ನಿಜವಾದ ಬೈಕಾರ್ಬೊನೇಟ್ ಉಳಿದದ್ದು 6. ಅಂದ್ರೆ ಪಿಎಚ್ ಹಿಡಿದು ನಿಲ್ಲಿಸಲಿಕ್ಕೆ ಯಾರೂ ಇಲ್ಲ. ಆಲಂ ಕೂರದ್ದಕ್ಕೂ ಇದು ಒಂದು ಕಾರಣ. ಆಲಂ ಗಂಟು ಕಟ್ಟಲಿಕ್ಕೆ ಆಲ್ಕಲಿನಿಟಿ ಬೇಕು, 1 ಪಿಪಿಎಂ ಆಲಂ ಅರ್ಧ ಪಿಪಿಎಂ ಆಲ್ಕಲಿನಿಟಿ ತಿನ್ನುತ್ತದೆ. ನೀವು ಎರಡು ಸಲ ಹಾಕಿದ 3 ಕೆಜಿ 30ಕ್ಕೂ ಹೆಚ್ಚು ಪಿಪಿಎಂ ತಿಂದಿರಬೇಕು. ಅದಲ್ಲದೆ ಜೀವಂತ ಪಾಚಿಯನ್ನು ತಳಕ್ಕೆ ಕೂರಿಸಿದರೂ ಅದು ಅಲ್ಲಿಂದಲೇ ಮತ್ತೆ ಬೆಳೆಯುತ್ತದೆ. ಮೊದಲು ಕೊಲ್ಲಬೇಕು, ಆಮೇಲೆ ಕೂರಿಸಬೇಕು.

ಕಣ್ಣು ಉರಿ ಇದೆಯಾ? ಇದ್ದರೆ ಕ್ಲೋರಿನ್ ಜಾಸ್ತಿ ಆದದ್ದರಿಂದಲ್ಲ. ಒಟ್ಟು 4.5ರಲ್ಲಿ ಫ್ರೀ 3 ಕಳೆದರೆ 1.5 ಕಂಬೈನ್ಡ್, ಅದು ಬೆವರು ಮೂತ್ರಕ್ಕೆ ಅಂಟಿದ ಕ್ಲೋರಿನ್. ಅದು ಮತ್ತು 6.6ರ ಹುಳಿ ಸೇರಿ ಉರಿ.

ಹಾಳೆಟೊಪ್ಪಿ

ಮೈಲುತುತ್ತ ಹಾಕಿದವರಿಗೆ ಒಂದು ನಮಸ್ಕಾರ. ಕರಾವಳಿಯಲ್ಲಿ ಪಾಚಿ ಕಂಡ ಕೂಡಲೇ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮಿನ ನೆನಪಾಗ್ತದೆ ಮಾರಾಯ್ರೆ.

ಅಡಿಕೆಗೆ ಹೊಡೆಯುವ ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. 250 ಗ್ರಾಮಿಗೆ 64 ಗ್ರಾಂ ತಾಮ್ರ, 45,000 ಲೀಟರಿಗೆ 1.4 ಪಿಪಿಎಂ. ಕೊಳದಲ್ಲಿ ಅದು 0.3ರ ಮೇಲೆ ಹೋಗದಿದ್ದರೆ ಒಳ್ಳೆಯದು. ಈಗ ಪಿಎಚ್ 6.6 ಇರುವುದರಿಂದ ತಾಮ್ರ ನೀರಿನಲ್ಲಿ ಕರಗಿಯೇ ಉಂಟು, ಕಣ್ಣಿಗೆ ಕಾಣುವುದಿಲ್ಲ. ಯಾರಾದರೂ ಅವಸರಕ್ಕೆ ವಾಷಿಂಗ್ ಸೋಡಾ ಹಾಕಿ ಪಿಎಚ್ 7.8ಕ್ಕೆ ಏರಿಸಿ ಮೇಲಿಂದ ಕ್ಲೋರಿನ್ ಸುರಿದರೆ, ಬೋರ್ಡೋಗೆ ಸುಣ್ಣದ ತಿಳಿ ಸೇರಿಸಿದಾಗ ಎಂತ ಆಗ್ತದೋ ಅದೇ ಕಥೆ: ತಾಮ್ರ ಹೊರಗೆ ಬಂದು ಕೂರ್ತದೆ. ಅಡಿಕೆ ಗೊನೆಗೆ ಅಂಟಿದರೆ ಔಷಧಿ, ಟೈಲ್ಸಿಗೆ ಅಂಟಿದರೆ ಬೂದಿ ಹಸಿರು ಕಲೆ. ಬೆಳ್ಳಗಿನ ಕೂದಲು ಇದ್ದವರು ಈಜಿದರೆ ಕೂದಲಿಗೂ ಅದೇ ಬಣ್ಣ.

ಹಾಗಾಗಿ ತಾಮ್ರ ಹೊರಗೆ ಹೋಗುವ ತನಕ ಪಿಎಚ್ 7.0ರಿಂದ 7.2, ಅದಕ್ಕಿಂತ ಮೇಲೆ ಬೇಡ.

ಮೆಟ್ಟಿಲಿನ ಕಂದು ಕಲೆ ಬೇರೆ ವಿಷಯ, ಅದು ಕಬ್ಬಿಣ ಇರಬೇಕು, ಬೋರ್‌ವೆಲ್ ಕೃಪೆ. ಒಂದು ವಿಟಮಿನ್ ಸಿ ಮಾತ್ರೆ ತೆಗೆದುಕೊಂಡು ಕಲೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮಾತ್ರೆಯ ಆಕಾರದಲ್ಲೇ ಬಿಳಿ ಮಚ್ಚೆ ಬಿದ್ದರೆ ಕಬ್ಬಿಣ. ಏನೂ ಆಗದಿದ್ದರೆ ತಾಮ್ರವೋ, ಎಲೆಯ ಕಲೆಯೋ. ಎಲೆಯ ಕಲೆಯಾದರೆ ಕ್ಲೋರಿನ್ ತಾಗಿಸಿದರೆ ಹೋಗ್ತದೆ.

ಇನ್ನೊಂದು ಪರೀಕ್ಷೆ. ಬಿಳಿ ಬಕೆಟ್ ಎರಡು. ಒಂದರಲ್ಲಿ ಬಾವಿ ನೀರು, ಇನ್ನೊಂದರಲ್ಲಿ ಬೋರ್‌ವೆಲ್ ನೀರು, 20 ಲೀಟರ್. ಎರಡಕ್ಕೂ ಒಂದು ಚಿಟಿಕೆ ಬ್ಲೀಚಿಂಗ್ ಪೌಡರ್ ಕದಡಿ ಒಂದು ಗಂಟೆ ಬಿಡಿ. ಯಾವುದು ಚಾ ಬಣ್ಣಕ್ಕೆ ತಿರುಗ್ತದೋ ಅದನ್ನು ಕೊಳಕ್ಕೆ ಬಿಡಲೇಬೇಡಿ.

ಪರ್ಕಳ_ಗುಡ್ಡೆ

ಅಳತೆ ಮಾಡಿ ಆಯಿತು. ಅರ್ಧಕ್ಕೆ ಅರ್ಧ ಬೆರೆಸಿದಾಗ ಸಯನ್ಯೂರಿಕ್ 90 ಬಂತು, ಅಂದ್ರೆ 180. ತಾಮ್ರದ ಸ್ಟ್ರಿಪ್ 1ಕ್ಕಿಂತ ಮೇಲೆ. ಬಾವಿ ನೀರಿನ ಬಕೆಟ್ ತಿಳಿ, ಬೋರ್‌ವೆಲ್ ಬಕೆಟ್ ಹಳದಿಯಾಗಿ ಆಮೇಲೆ ಕಂದು. ವಿಟಮಿನ್ ಸಿಗೆ ಮೆಟ್ಟಿಲ ಕಲೆ ಹೋಯಿತು. ಹಾಗಾದರೆ ನೀರು ಖಾಲಿ ಮಾಡುವುದೇ ದಾರಿಯಾ? ಎಷ್ಟು?

ಪಂಪ್‌ಶೆಡ್

180ರಿಂದ 40ಕ್ಕೆ ಬರಲಿಕ್ಕೆ ಶೇ. 78 ನೀರು ಬದಲಾಗಬೇಕು. 10,000 ಲೀಟರ್ ಉಳಿಸಿ 35,000 ಹೊರಗೆ. ತಾಮ್ರವೂ ಜತೆಗೆ 0.3ಕ್ಕೆ ಇಳೀತದೆ. ಮೇ ತಿಂಗಳಲ್ಲಿ ಅಂತರ್ಜಲ ಆಳದಲ್ಲಿ ಇರ್ತದೆ, ಕೊಳ ಖಾಲಿ ಮಾಡಲಿಕ್ಕೆ ವರ್ಷದಲ್ಲಿ ಸುರಕ್ಷಿತ ಸಮಯ ಇದೇ.

ತೋಡಿನ_ಕರೆ

ಲೆಕ್ಕ ಸರಿ. ಆದರೆ ಮೇ ತಿಂಗಳಲ್ಲಿ 35,000 ಲೀಟರ್ ಎಲ್ಲಿಂದ? ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟಿನ ಮಟ್ಟ ನೋಡಿ ನೀರು ಬಿಡುವ ಕಾಲ ಇದು. ಬಾವಿಯಿಂದ ಅಷ್ಟು ಎಳೆದರೆ ತಳದ ಕೆಸರು ಬರ್ತದೆ. ಟ್ಯಾಂಕರ್ ತರಿಸಿದರೆ 6,000 ಲೀಟರಿನದ್ದು 6, ಅದು ಯಾವ ಬೋರ್‌ವೆಲ್‌ನದ್ದು ಅಂತ ಯಾರಿಗೆ ಗೊತ್ತು. ಮತ್ತೆ ಕಬ್ಬಿಣ.

ಒಂದು ತಿಂಗಳು ತಡೆದರೆ ನೀರು ಆಕಾಶದಿಂದ ಬರ್ತದೆ. ನಿಮ್ಮ ಕೊಳದ ಸರಾಸರಿ ಆಳ 1.4 ಮೀಟರ್. ತುಂಬಿದ ಕೊಳದ ಮೇಲೆ ಮಳೆ ಬಿದ್ದು, ಪಂಪು ಓಡಿ ಬೆರೆತು, ಓವರ್‌ಫ್ಲೋ ಆಗಿ ಹೋದರೆ, ಪ್ರತಿ 1 ಮೀಟರ್ ಮಳೆಗೆ ಕೊಳದಲ್ಲಿ ಕರಗಿದ್ದೆಲ್ಲ ಅರ್ಧ ಆಗ್ತದೆ. 180 ಇದ್ದದ್ದು 90, ಇನ್ನೊಂದು ಮೀಟರಿಗೆ 45. ಉಡುಪಿಯಲ್ಲಿ ಜೂನ್ ಜುಲೈ ಎರಡು ತಿಂಗಳಿಗೆ 2 ಮೀಟರ್ ಆಸುಪಾಸು ಮಳೆ ಏನೂ ದೊಡ್ಡದಲ್ಲ. ಅಮೆರಿಕದ ಒಣ ಊರಿನವರು ಬರೆದ ಸಲಹೆಯಲ್ಲಿ ಈ ಸೌಲಭ್ಯ ಇರುವುದಿಲ್ಲ.

ಇನ್ನೂ ಬೇಗ ಆಗಬೇಕಾದರೆ ಮೇ ಕೊನೆಗೆ ಅರ್ಧ ನೀರು ತೆಗೆದು ಬಿಡಿ, 70 ಸೆಂಟಿಮೀಟರ್. ಖಾಲಿ ಜಾಗಕ್ಕೆ ಬಿದ್ದ ಮಳೆ ಹೊರಗೆ ಚೆಲ್ಲುವುದಿಲ್ಲ, ಆದ ಕಾರಣ 1 ಮೀಟರಿನ ಕೆಲಸ 70 ಸೆಂಟಿಮೀಟರಿಗೆ ಮುಗೀತದೆ. ಅರ್ಧ ತೆಗೆದಾಗ ಮೇಲ್ಮೈ ನೀರು ಎಳೆಯುವ ಸ್ಕಿಮ್ಮರ್ ನೀರಿನಿಂದ ಮೇಲೆ ಬರ್ತದೆ, ಅದರ ವಾಲ್ವ್ ಮುಚ್ಚಿ ತಳದ ಮೇನ್ ಡ್ರೇನ್‌ನಿಂದ ಮಾತ್ರ ಎಳೆಯಿರಿ. ಮರೆತರೆ ಪಂಪು ಗಾಳಿ ಎಳೆದು ಸೀಲ್ ಸುಟ್ಟುಕೊಳ್ತದೆ.

ಒಂದು ಎಚ್ಚರಿಕೆ. ಪರ್ಕಳದ ಗುಡ್ಡೆಯ ಮೇಲೆ ಇದು ನಡೀತದೆ. ಗದ್ದೆ ಬದಿಯಲ್ಲೋ ಹೊಳೆ ಬದಿಯಲ್ಲೋ ಕೊಳ ಇರುವವರು ಮಳೆ ಶುರುವಾದ ಮೇಲೆ ನೀರು ಇಳಿಸಲೇಬಾರದು. ಅಡಿಯಿಂದ ಒರತೆ ಒತ್ತಿದರೆ ಖಾಲಿ ಕೊಳ ದೋಣಿಯ ಹಾಗೆ ಎದ್ದು ತಳ ಬಿರೀತದೆ.

ತೆಗೆದ ನೀರನ್ನು ತೋಡಿಗೆ ಬಿಡಬೇಡಿ. ತಾಮ್ರ ಮೀನಿಗೆ ವಿಷ. ಮಾತ್ರೆ ನಿಲ್ಲಿಸಿ ಫ್ರೀ ಕ್ಲೋರಿನ್ ಸೊನ್ನೆಗೆ ಬಂದ ಮೇಲೆ, ಬಾವಿಯಿಂದ ದೂರ, ಖಾಲಿ ಜಾಗದಲ್ಲಿ ಹರಡಿ ಇಂಗಿಸಿ. ಬಸಳೆ ಚಪ್ಪರದ ಬುಡಕ್ಕೂ ಬೇಡ.

ಪಂಪ್‌ಶೆಡ್

ಇದು ನನ್ನ ಸಲಹೆಗಿಂತ ಒಳ್ಳೆಯದು, ಒಪ್ಪಿದೆ. ಒಂದೇ ತೊಂದರೆ, ಅಷ್ಟು ದಿನ ಹಸಿರು ನೀರು ಸುಮ್ಮನೆ ನಿಂತರೆ ಸೊಳ್ಳೆ. ಅರ್ಧ ತೆಗೆಯುವ ತನಕ ಪಂಪು 2 ಗಂಟೆಯಾದರೂ ಓಡಲಿ, ವಾರಕ್ಕೆ ಎರಡು ಸಲ ಗೋಡೆ ಬ್ರಷ್ ಮಾಡಿ. ಸಂದಿನ ಸಿಮೆಂಟ್ ಇನ್ನೂ ಕರಗದ ಹಾಗೆ ಈಗಲೇ 2 ಕೆಜಿ ಅಡುಗೆ ಸೋಡಾ, ಅಂದ್ರೆ ಸೋಡಿಯಂ ಬೈಕಾರ್ಬೊನೇಟ್, ಹಾಕಿ. ಅಡುಗೆ ಸೋಡಾ ಪಿಎಚ್ ಅನ್ನು ಜೋರಾಗಿ ಎತ್ತುವುದಿಲ್ಲ, ಹಾಗಾಗಿ ತಾಮ್ರದ ಭಯ ಕಡಿಮೆ. ವಾಷಿಂಗ್ ಸೋಡಾ ಬೇಡ. ನೀರು ತೆಗೆದ ಮೇಲೆ ಕ್ಲೋರಿನ್ (ಮಾತ್ರೆ ಅಲ್ಲ) ಮತ್ತೆ ಶುರು ಮಾಡಿ, ಇಲ್ಲದಿದ್ದರೆ ಉಳಿದರ್ಧ ಇನ್ನೂ ದಪ್ಪ ಹಸಿರಾಗ್ತದೆ.

ಸಯನ್ಯೂರಿಕ್ 50ರ ಕೆಳಗೆ ಬಂದ ಮೇಲಿನ ಕೆಲಸ ಇದು. ನಮ್ಮ ಮುರಕಲ್ಲಿನ ನೀರೂ ಮಳೆ ನೀರೂ ತೀರಾ ಮೆದು. ಸುಣ್ಣ ಇಲ್ಲ, ಆಲ್ಕಲಿನಿಟಿ ಇಲ್ಲ. ಕೊಳಕ್ಕೆ ಬೇಕಾದದ್ದು ಆಲ್ಕಲಿನಿಟಿ 80, ಗಡಸುತನ 150ರಿಂದ 200. ಅದು ಇಲ್ಲದಿದ್ದರೆ ನೀರು ತನಗೆ ಬೇಕಾದ ಸುಣ್ಣವನ್ನು ಟೈಲ್ಸ್ ಸಂದಿನಿಂದ ತೆಗೆದುಕೊಳ್ತದೆ. ನಿಮ್ಮ ಉಗುರಿಗೆ ಸಿಕ್ಕಿದ ಮರಳು ಅದೇ: ಸಿಮೆಂಟ್ ಕರಗಿ ಹೋಗಿ ಮರಳು ಮಾತ್ರ ಉಳಿದದ್ದು.

ಆಲ್ಕಲಿನಿಟಿ 10 ಪಿಪಿಎಂ ಏರಿಸಲಿಕ್ಕೆ 45,000 ಲೀಟರಿಗೆ ಅಡುಗೆ ಸೋಡಾ 760 ಗ್ರಾಂ. 20ರಿಂದ 80ಕ್ಕೆ 4.5 ಕೆಜಿ. ಎರಡು ದಿನಕ್ಕೆ ಪಾಲು ಮಾಡಿ, ಪಂಪು ಓಡುವಾಗ ಆಳದ ಬದಿಯಲ್ಲಿ ಎರಚಿ. ಬಾವಿಯಿಂದ ಈಗಷ್ಟೇ ಎತ್ತಿದ ನೀರು ಪಿಎಚ್ 6 ತೋರಿಸಿದರೆ ಗಾಬರಿ ಬೇಡ, ಅದರಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಉಂಟು. ಫಿಲ್ಟರಿನಿಂದ ನೀರು ವಾಪಸ್ ಬರುವ ರಿಟರ್ನ್ ಜೆಟ್‌ಗಳನ್ನು ಮೇಲಕ್ಕೆ ತಿರುಗಿಸಿ ನೀರು ಕುದಿಯುವ ಹಾಗೆ ಒಂದು ದಿನ ಓಡಿಸಿದರೆ ಆ ಗಾಳಿ ಹೊರಗೆ ಹೋಗಿ ಪಿಎಚ್ ತಾನೇ ಏರ್ತದೆ.

ಗಡಸುತನಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಚಕ್ಕೆ. 100 ಪಿಪಿಎಂಗೆ 6.6 ಕೆಜಿ. ಆದರೆ ಇದನ್ನು ಈಗ ಹಾಕಬೇಡಿ, ಮಳೆಯಲ್ಲಿ ಚೆಲ್ಲಿ ಹೋಗ್ತದೆ. ಅಕ್ಟೋಬರಿಗೆ ಹಾಕಿದರೆ ಬೇಸಗೆ ಪೂರ್ತಿ ನಿಲ್ತದೆ. ಬಕೆಟ್ಟಿಗೆ ಮೊದಲು ನೀರು, ಆಮೇಲೆ ಚಕ್ಕೆ ಸ್ವಲ್ಪ ಸ್ವಲ್ಪ, ಬಕೆಟ್ ಕೈ ಸುಡುವಷ್ಟು ಬಿಸಿ ಆಗ್ತದೆ. ಅಡುಗೆ ಸೋಡಾ ಹಾಕಿದ ದಿನವೇ ಹಾಕಿದರೆ ನೀರು ಹಾಲಿನ ಹಾಗೆ, ಮಧ್ಯೆ ಒಂದು ದಿನ ಬಿಡಿ.

ಆಮೇಲೆ ಪಾಚಿ. ಸಯನ್ಯೂರಿಕ್ 40, ಪಿಎಚ್ 7.2ಕ್ಕೆ ತಂದು, ಸಂಜೆ ಸೂರ್ಯ ಇಳಿದ ಮೇಲೆ ಫ್ರೀ ಕ್ಲೋರಿನ್ 16ಕ್ಕೆ ಏರಿಸಿ. ಸೊನ್ನೆಯಿಂದ 16ಕ್ಕೆ 720 ಗ್ರಾಂ ಕ್ಲೋರಿನ್: ಹೊಸ 10 ಪರ್ಸೆಂಟ್ ಸೋಡಿಯಂ ಹೈಪೋ (ಕ್ಲೋರಿನ್ ದ್ರಾವಣ) ಆದರೆ 7.2 ಲೀಟರ್. ಕ್ಯಾನ್ ನಮ್ಮ ಸೆಕೆಯಲ್ಲಿ ಅಂಗಡಿಯಲ್ಲೇ ಒಂದು ತಿಂಗಳು ಕೂತಿದ್ದರೆ 9ರಿಂದ 10 ಲೀಟರ್ ಬೇಕಾದೀತು. ದಿನಕ್ಕೆ ಎರಡು ಮೂರು ಸಲ ಅಳೆದು 16ಕ್ಕೆ ತುಂಬಿಸ್ತಾ ಇರಿ, ಪಂಪು 24 ಗಂಟೆ. ಡಿಪಿಡಿ ಕಿಟ್ ಒಮ್ಮೆ ಗುಲಾಬಿಯಾಗಿ ಕೂಡಲೇ ಬಿಳಿಯಾದರೆ ಕ್ಲೋರಿನ್ ಇಲ್ಲ ಅಂತ ಅಲ್ಲ, ಬಣ್ಣವನ್ನೇ ಸುಡುವಷ್ಟು ಜಾಸ್ತಿ ಇದೆ ಅಂತ. ಕೊಳದ ನೀರು ಒಂದು ಪಾಲಿಗೆ ಡಿಸ್ಟಿಲ್ಡ್ ವಾಟರ್ ನಾಲ್ಕು ಪಾಲು ಸೇರಿಸಿ ಅಳೆದು, ಐದರಿಂದ ಗುಣಿಸಿ. ಬಣ್ಣ ನೋಡಿ ಪಿಎಚ್ ಹೇಳುವ ಫಿನಾಲ್ ರೆಡ್ ಕೂಡ ಕ್ಲೋರಿನ್ 10 ಪಿಪಿಎಂ ಮೀರಿದರೆ ಸುಳ್ಳು ಹೇಳ್ತದೆ, ಆ ದಿನಗಳಲ್ಲಿ ಪಿಎಚ್ ನೋಡುವುದೇ ಬೇಡ.

ಮುಗಿದದ್ದು ಯಾವಾಗ? ನೀರು ತಿಳಿಯಾಗಬೇಕು, ಕಂಬೈನ್ಡ್ 0.5ರ ಒಳಗೆ ಬರಬೇಕು, ಮತ್ತೆ ರಾತ್ರಿ ಅಳೆದದ್ದಕ್ಕೂ ಬೆಳಿಗ್ಗೆ ಬಿಸಿಲಿಗೆ ಮೊದಲು ಅಳೆದದ್ದಕ್ಕೂ ವ್ಯತ್ಯಾಸ 1 ಪಿಪಿಎಂ ಮೀರಬಾರದು. ರಾತ್ರಿ ಬಿಸಿಲಿಲ್ಲ. ಆಗಲೂ ಕ್ಲೋರಿನ್ ಖರ್ಚಾಗ್ತದೆ ಅಂದ್ರೆ ಪಾಚಿ ಬದುಕಿ ಉಂಟು. ಲೈಟಿನ ಹಿಂದೆ ನೋಡಿ, ಏಣಿಯ ಪೈಪಿನ ಒಳಗೆ ನೋಡಿ. ಸತ್ತ ಪಾಚಿ ಬೂದು ಬಣ್ಣಕ್ಕೆ ಬಂದು ಫಿಲ್ಟರ್ ಕಟ್ಟಿಸ್ತದೆ. ಗೇಜ್ ಮಾಮೂಲಿಗಿಂತ 8 ಪಿಎಸ್‌ಐ ಏರಿದಾಗಲೆಲ್ಲ ಬ್ಯಾಕ್‌ವಾಷ್, ಆಮೇಲೆ ಅರ್ಧ ನಿಮಿಷ ರಿನ್ಸ್. ಮಲ್ಟಿಪೋರ್ಟ್ (ಫಿಲ್ಟರಿನ ನೀರಿನ ದಾರಿ ಬದಲಿಸುವ ವಾಲ್ವ್) ಹಿಡಿ ತಿರುಗಿಸುವ ಮೊದಲು ಪಂಪು ಬಂದ್ ಮಾಡಿ.

ಪರ್ಕಳ_ಗುಡ್ಡೆ

ಆಮೇಲೆ ದಿನನಿತ್ಯಕ್ಕೆ ಮಾತ್ರೆ ಬಿಟ್ಟು ಎಂತ ಹಾಕುವುದು? ಹೈಪೋ ಕ್ಯಾನ್ ಮನೆಯಲ್ಲಿ ಇಟ್ಟರೆ ವಾಸನೆ. ಶೆಡ್ಡಿನಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಉಂಟು, ಅದಾಗಬಹುದಾ?

ಹಾಳೆಟೊಪ್ಪಿ

ಆಗ್ತದೆ. ಬ್ಲೀಚಿಂಗ್ ಪೌಡರ್ ಸುಣ್ಣ ಬಿಡ್ತದೆ, ಪಿಎಚ್ ಏರಿಸ್ತದೆ ಅಂತ ಎಲ್ಲರೂ ಬೈತಾರೆ. ಗಡಸು ನೀರಿನ ಊರಿನಲ್ಲಿ ಆ ಬೈಗುಳ ನ್ಯಾಯ. ಇಲ್ಲಿ ನಮಗೆ ಬೇಕಾದದ್ದೇ ಅದು, ಸುಣ್ಣವೂ ಪಿಎಚ್ಚೂ. ಕ್ಲೋರಿನ್ ದುಡ್ಡಿಗೆ ಕ್ಯಾಲ್ಸಿಯಂ ಫ್ರೀ. ತಾಮ್ರ ಪೂರ್ತಿ ಇಳಿದ ಮೇಲೆ ಶುರು ಮಾಡಿ.

33 ಪರ್ಸೆಂಟಿನದ್ದಾದರೆ 1 ಪಿಪಿಎಂಗೆ 136 ಗ್ರಾಂ, ದಿನಕ್ಕೆ 3 ಏರಿಸಲಿಕ್ಕೆ 400 ಗ್ರಾಂ. ನೇರ ಎರಚಿದರೆ ತಳದಲ್ಲಿ ಬಿಳಿ ರಾಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ, ಒಂದು ಗಂಟೆ ಕೂರಿಸಿ, ಮೇಲಿನ ತಿಳಿ ಮಾತ್ರ ರಿಟರ್ನ್ ಎದುರು ಸುರಿಯಿರಿ. ಕಟ್ಟು ಬಿಚ್ಚಿದ ಪುಡಿ ಮಳೆಗಾಲದಲ್ಲಿ ಗಾಳಿಯ ತೇವಕ್ಕೇ ಸತ್ತುಹೋಗ್ತದೆ, ಗಂಟು ಕಟ್ಟಿದ್ದರೆ ಶಕ್ತಿ ಇಲ್ಲ ಅಂತ ಲೆಕ್ಕ. ಚಿಕ್ಕ ಪ್ಯಾಕೆಟ್ ತನ್ನಿ.

ಪ್ರಾಣಕ್ಕೆ ಸಂಬಂಧಿಸಿದ್ದು ಒಂದು: ಉಳಿದ ಟಿಸಿಸಿಎ ಮಾತ್ರೆಯನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಶೆಲ್ಫಿನಲ್ಲಿ ಇಡಬೇಡಿ. ಒಂದೇ ಚಮಚ, ಒಂದೇ ಬಕೆಟ್, ಒಂದೇ ತೇಲುವ ಡಬ್ಬಿ ಬಳಸಬೇಡಿ. ಎರಡೂ ಕ್ಲೋರಿನ್ ತಾನೆ ಅಂತ ಸೇರಿಸಿ, ಸ್ವಲ್ಪ ನೀರು ತಾಗಿದರೆ ಬೆಂಕಿ ಹತ್ತುವುದೋ ಸಿಡಿಯುವುದೋ ಆಗ್ತದೆ, ವಿಷಗಾಳಿ ಬೇರೆ. ಆ್ಯಸಿಡ್ ಕ್ಯಾನ್ ಇನ್ನೂ ದೂರ.

ತೋಡಿನ_ಕರೆ

ಮಳೆಗಾಲದಲ್ಲಿ ಒಂದು ಮರೆಯಬೇಡಿ. ಸಯನ್ಯೂರಿಕ್ ಅರ್ಧ ಮಾಡುವ ಮಳೆಯೇ ಆಲ್ಕಲಿನಿಟಿಯನ್ನೂ ಅರ್ಧ ಮಾಡ್ತದೆ. ತಿಂಗಳಿಗೆ ಒಂದು ಮೀಟರ್ ಬಿದ್ದರೆ 80 ಇದ್ದದ್ದು 40. ಅದಕ್ಕೆ ತಿಂಗಳಿಗೆ 3 ಕೆಜಿ, ವಾರಕ್ಕೆ 750 ಗ್ರಾಂ ಅಡುಗೆ ಸೋಡಾ, ಅಳೆದೇ ಹಾಕಿ. ಸಯನ್ಯೂರಿಕ್ ಸೆಪ್ಟೆಂಬರಿಗೆ 20ರ ಕೆಳಗೆ ಹೋದರೂ ಪರವಾಗಿಲ್ಲ, ಮೋಡದಲ್ಲಿ ಕೊಡೆ ಎಂತಕ್ಕೆ. ಅಕ್ಟೋಬರ್ ಬಿಸಿಲಿಗೆ 40ಕ್ಕೆ ತರಬೇಕು, ನಿಮ್ಮಲ್ಲಿ ಉಳಿದ ಮಾತ್ರೆಗಳನ್ನು ಆಗ ಎರಡು ಮೂರು ವಾರ ಬಳಸಿದರೆ ಅವೂ ಖರ್ಚಾಗ್ತವೆ, ಸಯನ್ಯೂರಿಕ್ಕೂ ಬರ್ತದೆ. 40 ಆದ ದಿನ ನಿಲ್ಲಿಸಿ.

ಅಂಗಳದ ಕೆಂಪು ನೀರು ಕೊಳಕ್ಕೆ ಇಳಿಯುವ ಜಾಗ ಇದ್ದರೆ ಮಳೆಗೆ ಮೊದಲೇ ಒಂದು ಸಾಲು ಇಟ್ಟಿಗೆ ಕಟ್ಟಿಸಿ. ಮುರ ಮಣ್ಣಿನ ಕೆಂಪು ಒಮ್ಮೆ ಒಳಗೆ ಬಂದರೆ ಸ್ಯಾಂಡ್ ಫಿಲ್ಟರ್ ಹಿಡಿಯುವುದಿಲ್ಲ, ಅಷ್ಟು ನುಣುಪು. ಆಲಂ ನಿಜವಾಗಿ ಬೇಕಾಗುವುದು ಆವಾಗ: ಆಲ್ಕಲಿನಿಟಿ 80 ಇರುವಾಗ 1.5 ಕೆಜಿ ಕರಗಿಸಿ ಸುತ್ತ ಸುರಿದು, ಮಲ್ಟಿಪೋರ್ಟ್ ರೀಸರ್ಕ್ಯುಲೇಟ್‌ನಲ್ಲಿ ಒಂದು ಗಂಟೆ ಓಡಿಸಿ, ಪಂಪು ಬಂದ್ ಮಾಡಿ ಇಡೀ ರಾತ್ರಿ ಬಿಡಿ. ಬೆಳಿಗ್ಗೆ ತಳದಲ್ಲಿ ಕೂತದ್ದನ್ನು ವೇಸ್ಟ್‌ಗೆ ಇಟ್ಟು ನಿಧಾನ ವ್ಯಾಕ್ಯೂಮ್ ಮಾಡಿ. ಫಿಲ್ಟರ್‌ಗೆ ಇಟ್ಟರೆ ಅಷ್ಟೂ ತಿರುಗಿ ಕೊಳಕ್ಕೆ.

ಪರ್ಕಳ_ಗುಡ್ಡೆ

ಸರಿ. ಮಾತ್ರೆ ತೆಗೆದಾಗಿದೆ, 2 ಕೆಜಿ ಸೋಡಾ ಇವತ್ತು ಸಂಜೆ. ಅರ್ಧ ನೀರು 28ನೇ ತಾರೀಕಿನ ಹೊತ್ತಿಗೆ. ಟೈಲ್ಸ್ ಸಂದು ತುಂಬಿಸುವುದನ್ನು ನೀರು ಇಳಿದಾಗಲೇ ಮಾಡಬಹುದಾ?

ಪಂಪ್‌ಶೆಡ್

ನೀರಿನಿಂದ ಮೇಲೆ ಕಾಣುವ ಭಾಗಕ್ಕೆ ಮಾಡಿಸಿ. ಬಿಳಿ ಸಿಮೆಂಟ್ ಬೇಡ, ಎಪಾಕ್ಸಿ ಗ್ರೌಟ್. ಸಂದು 3 ಮಿ.ಮೀ. ಆಳಕ್ಕೆ ಕೆರೆದು ಪೂರ್ತಿ ಒಣಗಿಸಬೇಕು, ತುಂಬಿದ ಮೇಲೆ 7 ದಿನ ನೀರು ತಾಗಬಾರದು. ಹಾಗಾಗಿ 28ಕ್ಕೆ ಅಲ್ಲ, 18ಕ್ಕೆ ಇಳಿಸಿ. ಮಳೆ ಕೆಲವು ವರ್ಷ ಹೇಳದೆ ಬರ್ತದೆ.